ಪಂಪಿನ ಬ್ಯಾಟರಿ ಯಾಕೆ ಉಬ್ಬಿತು?

ನಮ್ಮದು ಅಥಣಿ ತಾಲೂಕಿನ ಒಣಬೇಸಾಯ. ತೊಗರಿಗೆ ಎಣ್ಣಿ ಹೊಡೆಯಲು ಬೆನ್ನಿಗೆ ಹೊರುವ ಬ್ಯಾಟರಿ ಪಂಪು ಇದೆ. ಸೀಸದ ಬ್ಯಾಟರಿ ಹಾಳಾದ ಮೇಲೆ ಹಗುರ ಅಂತ ಅಗ್ಗದ ಲಿಥಿಯಂ ಹಾಕಿಸಿದೆ. ಚಾರ್ಜರ್ ಮಾತ್ರ ಹಳೇದೇ. ಒಂದು ರಾತ್ರಿ ಕಣಕಿ ಬಣವೆ ಪಕ್ಕದ ಪತ್ರಾಸ್ ಶೆಡ್ಡಿನಲ್ಲಿ ಚಾರ್ಜಿಗೆ ಹಚ್ಚಿ ಮಲಗಿದೆ. ಬೆಳಿಗ್ಗೆ ಬ್ಯಾಟರಿ ಉಬ್ಬಿತ್ತು, ಕೈ ಇಡಲಾರದಷ್ಟು ಬಿಸಿ!

ಆಮೇಲೆ ಕೇಳಿ ತಿಳಿದದ್ದು ಇಷ್ಟು. ಒಳಗೆ ಎರಡು ಪದರ, ನಡುವೆ ಕೂದಲಿಗಿಂತ ತೆಳು ಪ್ಲಾಸ್ಟಿಕ್ ಹಾಳೆ. ಇದು ನಮ್ಮ ಕಲ್ಲಿನ ಬದುವಿದ್ದಂತೆ. ಬದು ನೀರನ್ನು ಬಸಿಯಬಿಟ್ಟು ಮಣ್ಣನ್ನು ತಡೆಯುತ್ತದಲ್ಲ, ಹಾಗೆ ಹಾಳೆಯ ಸಣ್ಣ ತೂತುಗಳಲ್ಲಿ ಲಿಥಿಯಂ ಕಣ ದಾಟುತ್ತವೆ, ಪದರಗಳು ಮಾತ್ರ ಒಂದಕ್ಕೊಂದು ತಾಗಬಾರದು. ಕಣ ಸಾಗಿಸುವುದು ಒಳಗಿನ ದ್ರವ. ಸೀಸದ್ದರಲ್ಲಿ ಅದು ಆಮ್ಲ, ನೀರು. ಲಿಥಿಯಮ್ಮಿಗೆ ನೀರು ಆಗದು. ಬೇರೆ ದ್ರಾವಕದಲ್ಲಿ ಲಿಥಿಯಂ ಉಪ್ಪು ಕರಗಿಸಿರುತ್ತಾರೆ. ಆ ದ್ರಾವಕಕ್ಕೆ ಬೆಂಕಿ ಹತ್ತುತ್ತದೆ.

ಮೂರು ಸೆಲ್ಲಿನ ನನ್ನ ಬ್ಯಾಟರಿಗೆ 12.6 ವೋಲ್ಟೇ ಮಿತಿ. ಸೀಸದ ಚಾರ್ಜರ್ 14 ದಾಟಿಸುತ್ತದೆ. ತಡೆಯುವ ಬೋರ್ಡು ಅದರಲ್ಲಿರಲಿಲ್ಲ. ಚಾರ್ಜು ಹೆಚ್ಚಾದರೆ ದ್ರವ ಒಡೆದು ಗಾಳಿಯಾಗುತ್ತದೆ, ಉಬ್ಬುವುದು ಅದರಿಂದಲೇ. ಲಿಥಿಯಂ ಮುಳ್ಳಿನಂತೆ ಬೆಳೆದು ಹಾಳೆಯನ್ನು ಚುಚ್ಚಲೂಬಹುದು. ಸುಮಾರು 130 ಡಿಗ್ರಿಗೆ ಪಾಲಿಥೀನ್ ಹಾಳೆಯ ತೂತು ಮುಚ್ಚಿ ಕೆಲಸ ನಿಲ್ಲುತ್ತದೆ. ಕಾವು ಇನ್ನೂ ಏರಿದರೆ ಹಾಳೆಯೇ ಕರಗಿ ಪದರಗಳು ತಾಗುತ್ತವೆ, ಬೆಂಕಿಯೇ ಸೈ.

ಬಿಸಿಲಿನ ಶೆಡ್ಡಿನಲ್ಲಿಟ್ಟರೂ ದ್ರವ ಬೇಗ ಕೆಡುತ್ತದೆ, ಬ್ಯಾಟರಿ ಸೋಲುತ್ತದೆ. ಲಿಥಿಯಮ್ಮಿಗೆ ಅದರದೇ ಚಾರ್ಜರ್ ಇರಲಿ. ಉಬ್ಬಿದ್ದನ್ನು ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಚ್ಚಬೇಡಿ. ಮೇವಿನ ಹತ್ತಿರವಂತೂ ಬೇಡವೇ ಬೇಡ. ನನ್ನ ಬಣವೆ ಉಳಿದದ್ದು ಪುಣ್ಯ. ವರ್ಷದ ಮೇವು ಅದೊಂದೇ ಇತ್ತು.