ಡಿಸ್‌ಪ್ಲೇ ಸೆಟ್ಟಿಂಗ್ ತಪ್ಪಾದರೆ ಮಾನಿಟರ್ ಸುಟ್ಟುಹೋಗುತ್ತದೆಯೇ?

"ಡಿಸ್‌ಪ್ಲೇ ಸೆಟ್ಟಿಂಗ್ ಮುಟ್ಟಬೇಡಿ, ಸ್ಕ್ರೀನ್ ಸುಟ್ಟುಹೋಗುತ್ತದೆ!" ಇಂಥ ಮಾತನ್ನು ನೀವೂ ಕೇಳಿರಬಹುದು. ಕಂಪ್ಯೂಟರ್ ಕಲಿಸಿದವರು ಹೇಳಿರಬಹುದು, ಇಲ್ಲವೇ ಯಾವುದೋ ಗ್ರೂಪಿನಲ್ಲಿ ಫಾರ್ವರ್ಡ್ ಆಗಿ ಬಂದಿರಬಹುದು. ಸಾಫ್ಟ್‌ವೇರ್‌ನಲ್ಲಿ ಒಂದು ಸಂಖ್ಯೆ ಬದಲಾಯಿಸಿದರೆ ಯಂತ್ರವೇ ಕೆಟ್ಟುಹೋಗಲು ಸಾಧ್ಯವೇ? ಇದನ್ನು ಪೂರ್ತಿ ಸುಳ್ಳು ಎಂದು ನಾವು ಹೇಳುವುದಿಲ್ಲ. ಹಳೆಯ ಯುನಿಕ್ಸ್ ಮಾದರಿಯ ಕಂಪ್ಯೂಟರ್‌ಗಳ ಕಾಲದಲ್ಲಿ ಈ ಮಾತಿಗೆ ಆಧಾರವಿತ್ತು.

ಭಯ ಹುಟ್ಟಿದ್ದು ಎಲ್ಲಿ?

1990ರ ದಶಕದಲ್ಲಿ ಪಿಸಿಗೆ ಲಿನಕ್ಸ್ ಅಥವಾ ಫ್ರೀಬಿಎಸ್‌ಡಿ ಹಾಕಿದರೆ ಮೊದಲು ಕಾಣುತ್ತಿದ್ದುದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮಾತ್ರ. ವಿಂಡೋ, ಮೌಸ್, ಚಿತ್ರ ಎಲ್ಲ ಬೇಕೆಂದರೆ ಎಕ್ಸ್‌ಫ್ರೀ86 ಎಂಬ ಸಾಫ್ಟ್‌ವೇರನ್ನು ಹೊಂದಿಸಬೇಕಿತ್ತು. ಗ್ರಾಫಿಕ್ಸ್ ಕಾರ್ಡ್ ಯಾವುದು, ಮಾನಿಟರ್ ಎಷ್ಟು ವೇಗ ತಡೆದುಕೊಳ್ಳುತ್ತದೆ ಎಂಬುದನ್ನು ಬಳಸುವವರೇ ಒಂದು ಫೈಲಿನಲ್ಲಿ ಬರೆಯಬೇಕಿತ್ತು.

ಏನಿದು ವೇಗ? ಹಳೆಯ ದಪ್ಪ ಸಿಆರ್‌ಟಿ ಮಾನಿಟರಿನಲ್ಲಿ ಎಲೆಕ್ಟ್ರಾನ್ ಕಿರಣವು ಗೆರೆಯ ಕೆಳಗೆ ಗೆರೆ ಎಳೆಯುತ್ತಾ ಚಿತ್ರ ಮೂಡಿಸುತ್ತದೆ. 640×480 ಚಿತ್ರಕ್ಕೆ, ಕಣ್ಣಿಗೆ ಕಾಣದ ಗೆರೆಗಳೂ ಸೇರಿ 525 ಗೆರೆ ಬೇಕು. ಸೆಕೆಂಡಿಗೆ 60 ಸಲ ಎಂದರೆ 31,500 ಗೆರೆ, ಅಂದರೆ 31.5 ಕಿಲೋಹರ್ಟ್ಜ್. 1024×768 ಚಿತ್ರಕ್ಕೆ ಇದು 48 ಕಿಲೋಹರ್ಟ್ಜ್ ದಾಟುತ್ತದೆ.

31.5 ಕಿಲೋಹರ್ಟ್ಜ್‌ಗೆಂದೇ ತಯಾರಾದ ಮಾನಿಟರಿಗೆ 48ರ ಸಿಗ್ನಲ್ ಕಳಿಸಿದರೆ, ಕಿರಣವನ್ನು ಓಡಿಸುವ ಸರ್ಕ್ಯೂಟ್ ಮಿತಿಮೀರಿ ಬಿಸಿಯಾಗಿ ಅದರ ಟ್ರಾನ್ಸಿಸ್ಟರ್ ಸುಟ್ಟುಹೋಗುವ ಸಾಧ್ಯತೆ ಇತ್ತು. ಅನುಮಾನವಿದ್ದರೆ ಕಡಿಮೆ ವೇಗವನ್ನೇ ಆರಿಸಿ ಎಂದು ಆ ಸಾಫ್ಟ್‌ವೇರೇ ಎಚ್ಚರಿಸುತ್ತಿತ್ತು.

ಸೀರಿಯಲ್ ಕೇಬಲ್‌ಗೂ ಇದೇ ಭಯ ಬೇಕೆ?

ಬೇಡ. ನೆಟ್‌ವರ್ಕ್ ಕಾರ್ಡ್ ಇಲ್ಲದ ಎರಡು ಕಂಪ್ಯೂಟರ್‌ಗಳನ್ನು ಆಗ ಸೀರಿಯಲ್ ಕೇಬಲ್‌ನಿಂದ ಜೋಡಿಸುತ್ತಿದ್ದರು. ಒಂದರ 'ಕಳಿಸುವ' ತಂತಿ ಇನ್ನೊಂದರ 'ಪಡೆಯುವ' ತಂತಿಗೆ ಸೇರಬೇಕು. ಇದಕ್ಕೆ ನಲ್ ಮೋಡೆಮ್ ಕೇಬಲ್ ಎನ್ನುತ್ತಾರೆ. ಇದರ ಮೇಲೆ ಇಂಟರ್ನೆಟ್ ಮಾಹಿತಿ ಸಾಗಿಸಲು ಸ್ಲಿಪ್ ಎಂಬ ಸರಳ ವಿಧಾನವಿತ್ತು. 1988ರಲ್ಲಿ ಅದನ್ನು ದಾಖಲಿಸಲಾಯಿತು. ಎರಡೂ ಕಡೆ ಐಪಿ ವಿಳಾಸಗಳನ್ನು ಕೈಯಾರೆ ಕೊಡಬೇಕು, ವೇಗವೂ ಒಂದೇ ಇರಬೇಕು.

ವೇಗ ಹೊಂದದಿದ್ದರೆ ಆಗುವುದಿಷ್ಟೇ: ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಇಲ್ಲವೇ ಏನೂ ಬರುವುದಿಲ್ಲ. ಸರಿಪಡಿಸಿದರೆ ಮತ್ತೆ ಕೆಲಸ ಮಾಡುತ್ತದೆ. ತಾಳ್ಮೆ ಮಾತ್ರ ಬೇಕು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 3 ಎಂಬಿಯ ಒಂದು ಫೋಟೋ ಕಳಿಸಲು 50 ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ!

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಪಿಸಿಯ ಸೀರಿಯಲ್ ಪೋರ್ಟಿನಲ್ಲಿ ಸುಮಾರು 12 ವೋಲ್ಟ್ ಇರಬಹುದು. ಅದನ್ನು ರಾಸ್ಪ್‌ಬೆರಿ ಪೈನಂಥ ಸಣ್ಣ ಬೋರ್ಡಿನ 3.3 ವೋಲ್ಟ್ ಪಿನ್‌ಗೆ ನೇರವಾಗಿ ಜೋಡಿಸಿದರೆ ಬೋರ್ಡ್ ಹಾಳಾಗುತ್ತದೆ. ನಡುವೆ ವೋಲ್ಟೇಜ್ ಬದಲಾಯಿಸುವ ಸರ್ಕ್ಯೂಟ್ ಇರಲೇಬೇಕು.

ಹಾಗಾದರೆ ನಿಜವಾದ ಅಪಾಯ ಯಾವುದು?

ಸಿಆರ್‌ಟಿ ಮಾನಿಟರನ್ನು ಬಿಚ್ಚುವುದು! ಬಣ್ಣದ ಮಾನಿಟರಿನ ಒಳಗೆ 20,000 ವೋಲ್ಟ್‌ಗೂ ಮೀರಿದ ವಿದ್ಯುತ್ ಕೆಲಸ ಮಾಡುತ್ತದೆ. ಪ್ಲಗ್ ಕಿತ್ತ ಮೇಲೂ ಆ ಗಾಜಿನ ಕೊಳವೆಯಲ್ಲಿ ವಿದ್ಯುತ್ ಉಳಿದಿರಬಹುದು. ತಿಳಿಯದೆ ಕೈ ಹಾಕಿದರೆ ಪ್ರಾಣಕ್ಕೇ ಕುತ್ತು. "ಸೆಟ್ಟಿಂಗ್ ಮುಟ್ಟಬೇಡಿ" ಎನ್ನುವ ಸಂದೇಶಗಳು ಈ ಮುಖ್ಯ ಎಚ್ಚರಿಕೆಯನ್ನೇ ಮರೆತುಬಿಡುತ್ತವೆ.

ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಏನು ಮಾಡಬೇಕು?

• ಮಾನಿಟರಿನ ಮ್ಯಾನುಯಲ್‌ನಲ್ಲಿ ಕಿಲೋಹರ್ಟ್ಜ್ ಮಿತಿ ನೋಡಿ, ಅದನ್ನೇ ಬರೆಯಿರಿ. ಊಹಿಸಬೇಡಿ.
• ಮೊದಲು 640×480, 60 ಹರ್ಟ್ಜ್‌ನಿಂದ ಆರಂಭಿಸಿ.
• ಚಿತ್ರ ಹರಿದಂತೆ ಕಂಡರೆ ಅಥವಾ ಮಾನಿಟರ್ ಕೀರಲು ಸದ್ದು ಮಾಡಿದರೆ ತಕ್ಷಣ ಅದನ್ನು ಆಫ್ ಮಾಡಿ.
• ಸೀರಿಯಲ್ ಸಂಪರ್ಕವನ್ನು ಎರಡೂ ಕಡೆ 9600ರಲ್ಲಿ ಪರೀಕ್ಷಿಸಿ, ಆಮೇಲೆ ವೇಗ ಹೆಚ್ಚಿಸಿ.
• ಮಾನಿಟರ್ ಕೆಟ್ಟರೆ ಬಲ್ಲವರಿಗೆ ಕೊಡಿ. ನೀವೇ ಬಿಚ್ಚಬೇಡಿ.

ಇಂದಿನ ಫೋನ್, ಲ್ಯಾಪ್‌ಟಾಪ್‌ಗಳ ಕಥೆಯೇನು?

ಇಂದಿನ ಮಾನಿಟರ್‌ಗಳು ತಮ್ಮ ಮಿತಿಯನ್ನು ತಾವೇ ಕಂಪ್ಯೂಟರಿಗೆ ತಿಳಿಸುತ್ತವೆ. ಮಿತಿ ಮೀರಿದ ಸಿಗ್ನಲ್ ಬಂದರೆ ಸಾಮಾನ್ಯವಾಗಿ ಒಂದು ಸಂದೇಶ ತೋರಿಸಿ ಸುಮ್ಮನಾಗುತ್ತವೆ. ನಿಮ್ಮ ಫೋನಿನಲ್ಲಿ ಕಾಣುವ 60, 120 ಹರ್ಟ್ಜ್ ಆಯ್ಕೆಗಳೂ ಆ ಸ್ಕ್ರೀನಿಗೆಂದೇ ಕೊಟ್ಟವು. 120ಕ್ಕೆ ಬದಲಾಯಿಸಿದರೆ ಬ್ಯಾಟರಿ ಬೇಗ ಖಾಲಿಯಾಗಬಹುದು, ಸ್ಕ್ರೀನ್ ಸುಡುವುದಿಲ್ಲ.

ನಮ್ಮ ತೀರ್ಮಾನ: ಅರ್ಧಸತ್ಯ. ಕೆಲವು ಹಳೆಯ ಸಿಆರ್‌ಟಿ ಮಾನಿಟರ್‌ಗಳ ಮಟ್ಟಿಗೆ ನಿಜ, ನಿಮ್ಮ ಕೈಯಲ್ಲಿರುವ ಫೋನಿಗೆ ಸುಳ್ಳು. ಇಂಥ ಸಂದೇಶ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಮುನ್ನ "ಯಾವ ಯಂತ್ರ? ಯಾವ ಕಾಲದ್ದು?" ಎಂದು ಒಮ್ಮೆ ಕೇಳಿ.