ಅಡ್ಡರಸ್ತೆಗೂ ಬಂತು ಟ್ರಾಫಿಕ್!

ಬೆಳಿಗ್ಗೆ ಎಂಟೂವರೆ ಆಯಿತೆಂದರೆ ಜಯನಗರ, ಬಿಟಿಎಂ ಲೇಔಟ್ ಕಡೆಯ ಎಷ್ಟೋ ಅಡ್ಡರಸ್ತೆಗಳಲ್ಲಿ ಗೇಟು ತೆಗೆದು ಹೊರಗೆ ಕಾಲಿಡೋದೇ ಕಷ್ಟ. ಸಿಗ್ನಲ್‌ನಲ್ಲಿ ಕಾಯಲಾರದ ಬೈಕು, ಕ್ಯಾಬುಗಳೆಲ್ಲ ಮೊಬೈಲ್ ಮ್ಯಾಪ್ ತೋರಿಸಿದ ಕಡೆ ನುಗ್ಗುತ್ತವೆ. ರಂಗೋಲಿ ಹಾಳಾಗೋದು ಒತ್ತಟ್ಟಿಗಿರಲಿ, ಸ್ಕೂಲ್ ವ್ಯಾನಿಗೆ ಕಾಯುವ ಮಗುವಿನ ಕೈ ಬಿಡುವ ಹಾಗಿಲ್ಲ. ಮಂಡಿನೋವಿನ ಅತ್ತೆಯವರು ಎದುರು ಮನೆಗೆ ಹೋಗಬೇಕೆಂದರೂ ಜೊತೆಗೊಬ್ಬರು ಬೇಕು.

ಬಡಾವಣೆಯ ಅಚ್ಚುಕಟ್ಟುತನವೇ ಇದಕ್ಕೊಂದು ಕಾರಣ ಎಂದರೆ ನಂಬುತ್ತೀರಾ? 1948ರಲ್ಲಿ ಶುರುವಾದ ಜಯನಗರದಲ್ಲಿ ಮೇನು, ಕ್ರಾಸುಗಳು ಚೌಕಾಬಾರದ ಮನೆಗಳ ಹಾಗೆ. ಎಲ್ಲಿ ನುಗ್ಗಿದರೂ ಆ ಕಡೆ ದೊಡ್ಡ ರಸ್ತೆ ಸಿಗುತ್ತದೆ. 2024ರಲ್ಲಿ ರಾಗಿಗುಡ್ಡ–ಸಿಲ್ಕ್ ಬೋರ್ಡ್ ಡಬಲ್ ಡೆಕ್ಕರ್ ಮೇಲ್ಸೇತುವೆ ಬಂತು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂತು. ಒಳರಸ್ತೆಯ ಕಾಟ ಮಾತ್ರ ಪೂರ್ತಿ ತಪ್ಪಿಲ್ಲ.

ಬೇಸತ್ತ ಕೆಲವರು ತಾವೇ ಸಿಮೆಂಟ್ ಕಲಸಿ ಹಂಪ್ ಹಾಕಿಬಿಡುತ್ತಾರೆ. ದಯವಿಟ್ಟು ಬೇಡ ಕಣ್ರೀ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಹಂಪ್‌ನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಂದರೆ ಹೆಚ್ಚುಕಡಿಮೆ ಒಂದು ಕಾರಿನುದ್ದಕ್ಕೆ ನಿಧಾನವಾಗಿ ಏರಿ ಇಳಿಯಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಂದವರು ಸಲೀಸಾಗಿ ದಾಟಬೇಕು. ಮುಂಚೆಯೇ ಫಲಕ, ಮೇಲೆ ಬಣ್ಣದ ಪಟ್ಟಿ ಇರಬೇಕು. ರಾತ್ರೋರಾತ್ರಿ ಎದ್ದ ದಿಮ್ಮಿ ಕತ್ತಲಲ್ಲಿ ಬೀಳಿಸೋದು ಸ್ಕೂಟರ್‌ನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸನ್ನು. ನಾಳೆ ಆಂಬುಲೆನ್ಸ್ ಬರಬೇಕಾದ್ದೂ ಅದೇ ದಾರಿಯಲ್ಲಿ.

ಅದರ ಬದಲು ಒಂದು ವಾರ ಲೆಕ್ಕ ಬರೆಯಿರಿ. ಎಂಟೂವರೆಯಿಂದ ಒಂಬತ್ತೂವರೆವರೆಗೆ ಎಷ್ಟು ವಾಹನ ಬಂತು, ಅದರಲ್ಲಿ ಎಲ್ಲೂ ನಿಲ್ಲದೆ ಆಚೆ ತುದಿಯಿಂದ ಹೊರಹೋಗಿದ್ದೆಷ್ಟು? ಆ ಹೊತ್ತಿಗೆ ನಿಮ್ಮ ಒಲೆ ಮೇಲೆ ಕುಕ್ಕರ್ ಇರುತ್ತೆ, ಗೊತ್ತು. ಮನೆಯ ರಿಟೈರ್ಡ್ ಹಿರಿಯರಿಗೆ ಒಪ್ಪಿಸಿ, ಅವರಷ್ಟು ಕರಾರುವಾಕ್ಕಾಗಿ ಇನ್ಯಾರೂ ಬರೆಯಲಾರರು! ಆ ಲೆಕ್ಕದೊಂದಿಗೆ ನಿಮ್ಮ ಭಾಗದ ಸಂಚಾರ ಪೊಲೀಸ್ ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ‘ಟ್ರಾಫಿಕ್ ಜಾಸ್ತಿ’ ಎಂದಷ್ಟೇ ಬರೆದರೆ ಕಡತದಲ್ಲೇ ಉಳಿಯುತ್ತೆ. ಒನ್‌ವೇ ಬೇಕೋ, ಬೆಳಗಿನ ಹೊತ್ತು ಪ್ರವೇಶ ನಿಷೇಧ ಬೇಕೋ, ಒಂದನ್ನೇ ಸ್ಪಷ್ಟವಾಗಿ ಕೇಳಿ. ಒನ್‌ವೇ ಆದರೆ ಎದುರು ಬರುವವರಿಲ್ಲವೆಂದು ವೇಗ ಹೆಚ್ಚುವುದೂ ಉಂಟು, ಹಾಗಾಗಿ ಪಾಲಿಕೆಗೆ ಸರಿಯಾದ ಅಳತೆಯ ಹಂಪ್‌ಗೂ ಬರೆಯಿರಿ.

ಅರ್ಜಿಗೆ ಮುಂಚೆ ಪಕ್ಕದ ಕ್ರಾಸಿನ ಮನೆಯವರನ್ನೂ ಕರೆಯಿರಿ. ನಿಮ್ಮ ರಸ್ತೆ ಮುಚ್ಚಿದರೆ ಆ ವಾಹನಗಳೆಲ್ಲ ತಿರುಗೋದು ಅವರ ಬಾಗಿಲಿಗೆ. ಆಮೇಲೆ ಅವರೂ ಎದುರರ್ಜಿ ಹಾಕುತ್ತಾರೆ. ಸ್ಪೇನ್‌ನ ಬಾರ್ಸಿಲೋನಾ ಕೂಡ ಚೌಕ ಚೌಕದ ಊರು. ಅಲ್ಲಿ ಕೆಲವು ಕಡೆ ಅಕ್ಕಪಕ್ಕದ ಒಂಬತ್ತು ಚೌಕಗಳನ್ನು ಸೇರಿಸಿ, ಹಾದುಹೋಗುವ ವಾಹನ ಹೊರರಸ್ತೆಯಲ್ಲೇ ಸುತ್ತಿಹೋಗುವಂತೆ ಮಾಡಿದ್ದಾರೆ. ನಾವೂ ನಾಲ್ಕಾರು ಕ್ರಾಸಿಗೆ ಸೇರಿಸಿ ಒಂದೇ ಅರ್ಜಿ ಕೊಡಬಹುದು.

ಒನ್‌ವೇ ಆದಮೇಲೆ ನಮ್ಮ ಮನೆಗೂ ಒಂದು ಸುತ್ತು ಹಾಕಿಯೇ ಬರಬೇಕಾಗುತ್ತೆ. ಗಾಡಿ ಓಡಿಸುವ ಯಜಮಾನರನ್ನು ಇದಕ್ಕೆ ಮೊದಲೇ ಒಪ್ಪಿಸಿಡಿ.