ನೀಲಿ ದೀಪ ಆರುವ ತನಕ

ಪ್ರಶ್ನೆ: ಚಳಿಗಾಲದ ಬೆಳಗ್ಗೆ ತಾಂಡವಪುರದಿಂದ ಮೈಸೂರಿಗೆ ಹೊರಟಾಗ ನನ್ನ ಸಣ್ಣ ಕಾರಿನಲ್ಲಿ ನೀಲಿ ದೀಪ ಉರಿಯುತ್ತದೆ. ಆಗ ಎಂಜಿನ್ನಿನ ಆರ್‌ಪಿಎಂ ಮಿತಿಯೂ ಕಡಿಮೆ ಇರುತ್ತದೆಯೇ?

ಉತ್ತರ: ಆ ದೀಪ ಹೇಳುವುದು ಕೂಲೆಂಟ್ ಇನ್ನೂ ತಣ್ಣಗಿದೆ ಎಂದಷ್ಟೇ. ಕೆಲವು ಕಾರುಗಳ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಂಜಿನ್ ತಣ್ಣಗಿದ್ದಾಗ ಮಿತಿಯನ್ನು ತಗ್ಗಿಸುತ್ತದೆ. ಬಿಎಂಡಬ್ಲ್ಯು ಎಂ3ಯಂಥ ದುಬಾರಿ ಗಾಡಿಯಲ್ಲಿ ಎಷ್ಟರವರೆಗೆ ಹೋಗಬಹುದೆಂದು ಮೀಟರಿನ ದೀಪಗಳೇ ತೋರಿಸುತ್ತವೆ. ನಮ್ಮ ಸಣ್ಣ ಕಾರುಗಳಲ್ಲಿ ಹಲವಕ್ಕೆ ಆ ಭಾಗ್ಯವಿಲ್ಲ. 6,000ದ ಆಚೀಚೆ ಪೆಟ್ರೋಲ್ ಕಡಿತವಾಗುತ್ತದೆ, ಅಷ್ಟೆ. ಅಲ್ಲಿಯವರೆಗೆ ಒತ್ತಿದರೆ ಕಾರು ಬೇಡವೆನ್ನುವುದಿಲ್ಲ. ಬೇಡವೆನ್ನಬೇಕಾದವರು ನೀವು.

ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುವ ಚಳಿ ನೆನಪಿಸಿಕೊಳ್ಳಿ. ಎಂಜಿನ್ ಆಯಿಲ್ ಹಾಗೆ ಹೆಪ್ಪುಗಟ್ಟದಿದ್ದರೂ ಮಂದವಾಗಿ, ಸಂದುಗಳಿಗೆ ತಡವಾಗಿ ತಲುಪುತ್ತದೆ. ಅಲ್ಯೂಮಿನಿಯಂ ಪಿಸ್ಟನ್ ಕೂಡ ಬಿಸಿಯಾಗಿ ಹಿಗ್ಗಿದ ಮೇಲೆಯೇ ಸಿಲಿಂಡರಿನಲ್ಲಿ ಸರಿಯಾಗಿ ಕೂರುವುದು. ಇನ್ನೊಂದು ಮಾತು: ಕೂಲೆಂಟಿಗಿಂತ ಆಯಿಲ್ ನಿಧಾನವಾಗಿ ಕಾಯುತ್ತದೆ. ದೀಪ ಆರಿದರೂ ದಾರಿಯಲ್ಲಿ ಸಿಗುವ ಕಡಕೊಳ ದಾಟುವವರೆಗೆ 2,500ರೊಳಗೇ ಇರಿ. ಮನೆ ಮುಂದೆ ನಿಲ್ಲಿಸಿ ರೇಸ್ ಕೊಡುವ ಚಾಳಿಯಂತೂ ಬೇಡವೇ ಬೇಡ. ಅಕ್ಕಪಕ್ಕದವರ ನಿದ್ದೆಯೂ ಹಾಳು. ಕೂಲೆಂಟ್ ಅತಿಯಾಗಿ ಕಾದಿದೆ ಎನ್ನುವ ಕೆಂಪು ದೀಪ ಬಂದರೆ ಮಾತೇ ಬೇರೆ: ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.